ಹಳ್ಳಿಯೂ ಸೂಜಿಮದ್ದೂ

(ತಾಲೂಕಿನ ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ವೈದ್ಯಕ್ಕೆ ಸಂಬಂಧಿಸಿದ ವಿಷಯದ ಮೇಲೆ ಮಾತಾಡಲು ತಾವು ಒಬ್ಬ ವಕೀಲನನ್ನು ಕರೆದಿರುವಿರಿ. ಇದಕ್ಕಾಗಿ ಯಾರಾದರೂ ನಕ್ಕರೆ ಅವರ ತಪ್ಪಿಲ್ಲ. ನಾಡಿ ನೋಡುವದನ್ನು ನಾವು ಅರಿಯೆವು. ಆದರೆ ಇಪ್ಪತ್ತು ವರ್ಷ ನ್ಯಾಯಾಲಯದ ಮೆಟ್ಟಿಲು ತುಳಿದು ಒಂದು ಮಾತನ್ನು ಕಲಿತಿರುವೆವು. ಎದುರು ಪಕ್ಷದ ಹೇಳಿಕೆಯನ್ನು ಪೂರ್ತಿಯಾಗಿ ಕೇಳದೆ ತೀರ್ಪು ಕೊಡಲಾಗದೆಂಬದೇ ಆ ಮಾತು. ಸೂಜಿಮದ್ದಿನ ವ್ಯಾಜ್ಯದಲ್ಲಿ ನಮ್ಮ ಹಳ್ಳಿಗನು ನೂರಾರು ವರ್ಷಗಳಿಂದ ಎದುರು ಪಕ್ಷವಾಗಿ ನಿಂತಿರುವನು. ಅವನ ಹೇಳಿಕೆಯನ್ನು ಬರೆದುಕೊಂಡವರು ಕಡಿಮೆ. ‘ಅಜ್ಞಾನಿ’ ಎಂದು ಏಕಪಕ್ಷೀಯ ತೀರ್ಪನ್ನು ಬರೆದವರೇ ಹೆಚ್ಚು. ಅಂಥ ತೀರ್ಪನ್ನು ಒಮ್ಮೆ ನಾವೂ ಬರೆದಿದ್ದೆವು. ಅದನ್ನು ಹೇಗೆ ಹಿಂತೆಗೆದುಕೊಳ್ಳಬೇಕಾಯಿತೆಂಬದನ್ನು ಮೊದಲು ನಿವೇದಿಸುವೆವು.

2020ರ ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನ್ಯಾಯಾಲಯದ ಕೆಲಸವೂ ಬಹುಮಟ್ಟಿಗೆ ನಿಂತುದರಿಂದ ನಾವು ಮಲಪ್ರಭೆಯ ದಂಡೆಯ ನಮ್ಮ ಹುಟ್ಟೂರಿಗೆ ಹೋದೆವು. ಅಲ್ಲಿಯ ತರುಣರನ್ನು ಕೂಡಿಸಿಕೊಂಡು ಸ್ವಯಂಸೇವಕರ ಒಂದು ತಂಡವನ್ನು ಕಟ್ಟಿ, ಮುದುಕರ ಮನೆಗಳಿಗೆ ಅಕ್ಕಿ, ಜೋಳ, ಔಷಧಗಳನ್ನು ಮುಟ್ಟಿಸುತ್ತಿದ್ದೆವು. ಮಳೆಗಾಲ ಹತ್ತಿರ ಬಂದಾಗ ನಮಗೆ ಪರಿಚಯದ ವೈದ್ಯರೊಬ್ಬರು ಒಂದು ಬುದ್ಧಿವಾದವನ್ನು ಹೇಳಿದರು: “ಕೊರೋನಾಕ್ಕೆ ಇನ್ನೂ ಲಸಿಕೆ ಇಲ್ಲ. ಆದರೆ ಮಳೆಯ ಜೊತೆಗೆ ವರ್ಷ ವರ್ಷವೂ ಬರುವ ಇನ್‌ಫ್ಲುಯೆಂಜಾಕ್ಕೆ ಇದೆ. ಎರಡರ ಲಕ್ಷಣಗಳೂ ಒಂದೇ: ಜ್ವರ, ಕೆಮ್ಮು, ಮೈನೋವು. ದಮ್ಮಿನವರಿಗೂ ಬಸುರಿಯರಿಗೂ ಈ ಸೂಜಿಯನ್ನಾದರೂ ಹಾಕಿಸಿರಿ; ಎರಡು ಶತ್ರುಗಳಲ್ಲಿ ಒಬ್ಬನಿಗಾದರೂ ಬಾಗಿಲು ಮುಚ್ಚಿದಂತಾಗುವದು.”

ಆ ವರ್ಷ ಹಳ್ಳಿಯಲ್ಲಿ ಜ್ವರ ಬರುವದೆಂದರೆ ಏನೆಂಬದು ತಮಗೆ ನೆನಪಿರಬಹುದು. ಜ್ವರವು ರೋಗವಾಗಿರಲಿಲ್ಲ, ಅಪರಾಧವಾಗಿತ್ತು. ಗಾಡಿ ಬಂದು ಒಯ್ಯುತ್ತಿತ್ತು; ಮನೆಗೆ ಚೀಟಿ ಅಂಟುತ್ತಿತ್ತು; ನೆರೆಯವರು ಬಾವಿಯ ನೀರು ಸೇದಲಿಕ್ಕೂ ಬಿಡುತ್ತಿರಲಿಲ್ಲ. ಇಂಥ ಸಮಯದಲ್ಲಿ, ಬರಬಹುದಾದ ಒಂದು ಜ್ವರವನ್ನು ತಪ್ಪಿಸುವ ಸೂಜಿಯನ್ನು ಬೇಡವೆನ್ನುವವರಾರು ಎಂದು ನಾವು ಭಾವಿಸಿದೆವು. ಬೇಡವೆಂದರು! ಊರಿಗೆ ಊರೇ ಬೇಡವೆಂದಿತು. ಆಗ ನಮ್ಮೊಳಗಿನ ವಕೀಲನು ಎಚ್ಚತ್ತನು. ಪಂಚಾಯತಿಯ ಮುಖಾಂತರ ಡಂಗುರ ಸಾರಿಸಬೇಕೆಂದು, ಸಾಂಕ್ರಾಮಿಕ ರೋಗಗಳ ಕಾಯಿದೆಯ ಕಲಮುಗಳನ್ನು ಉದಾಹರಿಸಿ ಒಂದು ಒಕ್ಕಣೆಯನ್ನು ಸಿದ್ಧಪಡಿಸಿದೆವು. ಆ ಕಾಯಿದೆಯು ಯಾರಿಗೂ ಫ್ಲೂ ಸೂಜಿಯನ್ನು ಕಡ್ಡಾಯ ಮಾಡಿರಲಿಲ್ಲವೆಂಬದನ್ನು ನಾವು ಬಲ್ಲೆವು. ಬಲ್ಲೆವಾದರೂ ಬರೆದೆವು, ಹೆದರಿಕೆಯಾದರೂ ಹುಟ್ಟಲೆಂದು ಬರೆದೆವು. ಇದು ನಮ್ಮ ವೃತ್ತಿಗೆ ಒಪ್ಪುವ ನಡತೆಯಲ್ಲ.

ಸಾಯಂಕಾಲ ಬೇವಿನ ಕಟ್ಟೆಯ ಮೇಲೆ ಅದನ್ನು ಓದಿ ಹೇಳಿದಾಗ, ಎಂಬತ್ತರ ಆಚೆಯ ಒಬ್ಬ ಅಜ್ಜಿ ಕೈಯೆತ್ತಿ ನಮ್ಮನ್ನು ತಡೆದಳು. “ಅದೆಲ್ಲಾ ಇರಲಿ ತಮ್ಮಾ, ನೀ ಚುಚ್ಚಿಸಿಕೊಂಡೀಯೇನು?” ಎಂದು ಕೇಳಿದಳು.

ನಾವು ಚುಚ್ಚಿಸಿಕೊಂಡಿರಲಿಲ್ಲ. ಹೇಳುವದು ಆಚಾರ, ತಿನ್ನುವದು ಬದನೆಕಾಯಿ ಎಂಬ ಗಾದೆಗೆ ಅಷ್ಟು ಜನರ ಎದುರಿನಲ್ಲಿ ನಾವೇ ದೃಷ್ಟಾಂತವಾದೆವು. ಒಕ್ಕಣೆಯ ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡೆವು.

ಮಹನೀಯರೇ, ಆ ರಾತ್ರಿ ನಮಗೆ 1897ನೆಯ ವರ್ಷದ ನೆನಪು ಬಂದಿತು. ನಾವು ಉದಾಹರಿಸಿದ ಕಾಯಿದೆ ಹುಟ್ಟಿದ್ದು ಆ ವರ್ಷದ ಫೆಬ್ರುವರಿಯಲ್ಲಿ, ಮುಂಬಯಿಯ ಪ್ಲೇಗಿನ ಕಾಲದಲ್ಲಿ. ಅದರಲ್ಲಿ ಇದ್ದುದು ನಾಲ್ಕೇ ಕಲಮುಗಳು. ಸರಕಾರಕ್ಕೆ ಅಧಿಕಾರವುಂಟು, ಮೀರಿದವನಿಗೆ ಶಿಕ್ಷೆಯುಂಟು, ಸದ್ಭಾವದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆಯಿಲ್ಲ. ರೋಗಿಗೆ ಮದ್ದು ಮುಟ್ಟಿಸಬೇಕಾದ ಕರ್ತವ್ಯ ಯಾರದೆಂಬ ಮಾತು ಮಾತ್ರ ಅದರಲ್ಲಿ ಕಾಣಿಸದು. ಆ ಬಲದ ಮೇಲೆ ಪುಣೆಯಲ್ಲಿ ಸೋಲ್ಜರರು ಮನೆ ಹೊಕ್ಕು ಶೋಧಿಸಿದರು. ಜನರ ಕ್ಷೋಭೆ ಏರಿತು. ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು.

ಅದೇ ವರ್ಷದಲ್ಲಿ, ಅದೇ ಪ್ಲೇಗಿನಿಂದಲೇ ಇನ್ನೊಂದು ವಸ್ತುವೂ ಹುಟ್ಟಿತು. ಹಾಫ್ಕಿನ್ ಎಂಬ ವಿದ್ವಾಂಸರು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅನಂತರವೇ ಬೇರೆಯವರ ತೋಳನ್ನು ಕೇಳಿದರು. ಮರುವರ್ಷ ನಮ್ಮ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರು ಆ ಸೂಜಿಗೆ ತೋಳೊಡ್ಡಿದರು. ನಮ್ಮ ಹಿರಿಯರು ಸೂಜಿಯ ಹುಟ್ಟುವೈರಿಗಳೆಂದು ಹೇಳುವವರು ಹುಬ್ಬಳ್ಳಿಯ ಈ ಲೆಕ್ಕವನ್ನು ನೋಡಬೇಕು.

ಹಾಗೆಂದು ಹಳ್ಳಿಗನ ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಮದ್ದನ್ನು ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ಸತ್ತರು. ಅಪವಾದವು ಹಾಫ್ಕಿನ್ನರ ಮೇಲೆ ಬಂದಿತು. ಬಾಟಲಿ ತೆರೆಯುವಾಗ ನಡೆದ ಅಶುದ್ಧಿಯೇ ಕಾರಣವೆಂದು ವಿಜ್ಞಾನಿಗಳು ವಾದಿಸಿ, ಅವರು ಆ ಕಳಂಕದಿಂದ ಮುಕ್ತರಾಗಬೇಕಾದರೆ 1907 ಬರಬೇಕಾಯಿತು. ಲಸಿಕೆ ನಿರ್ದೋಷಿಯಾಗಿತ್ತು, ಆದರೆ ಸತ್ತ 19 ಜನರೂ ನಿರ್ದೋಷಿಗಳೇ. ಆದುದರಿಂದ ‘ಬಾಟಲಿ ಶುದ್ಧವಾಗಿದೆಯೇ? ಸೂಜಿ ಹೊಸದೇ?’ ಎಂದು ಕೇಳುವ ಹಳ್ಳಿಗನು ಮೂಢನಲ್ಲ, ಸಾಕ್ಷಿಯನ್ನು ಪಾಟೀಸವಾಲು ಮಾಡುವ ಒಳ್ಳೆಯ ವಕೀಲನು!

ಮರುದಿನ ನಾವು ಕಟ್ಟೆಗೆ ಹೋಗಿ, “ಕೇಳಿರಿ, ಗೊತ್ತಿದ್ದುದನ್ನೆಲ್ಲ ಹೇಳುವೆವು” ಎಂದು ಕುಳಿತೆವು. ವೈದ್ಯರೂ ಜೊತೆಗೆ ಬಂದಿದ್ದರು. ಆ ಪ್ರಶ್ನೋತ್ತರಗಳು ನಿಮಗೂ ಬೇಕಾಗುವದರಿಂದ ಇಲ್ಲಿ ಹೇಳುವೆವು.

ಇದು ಕೊರೋನಾವನ್ನು ತಡೆಯುವದೋ? ಇಲ್ಲ, ತಡೆಯುವದೆಂದು ಹೇಳುವವನು ಸುಳ್ಳುಗಾರ. ಇದರಿಂದಲೇ ಜ್ವರ ಬರುವದೋ? ಅಂದು ತಂದ ಸೂಜಿಯಲ್ಲಿದ್ದುದು ಸತ್ತ ವೈರಾಣುವಿನ ಅಂಶ. ಅದು ಫ್ಲೂ ರೋಗವನ್ನು ತರಲಾರದು. ಆದರೆ ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಚುಚ್ಚಿಸಿಕೊಂಡವನಿಗೆ ಫ್ಲೂ ಬಾರದೇ ಬಾರದೋ? ಹಾಗೆ ಪ್ರಮಾಣ ಮಾಡಲಾಗದು. ಲಸಿಕೆಯೂ ಆ ವರ್ಷದ ವೈರಾಣುವೂ ಚೆನ್ನಾಗಿ ಹೊಂದಿಕೊಂಡ ವರ್ಷಗಳಲ್ಲಿ, ವೈದ್ಯರನ್ನು ಕಾಣಬೇಕಾಗುವಂಥ ಫ್ಲೂ ಹತ್ತರಲ್ಲಿ ನಾಲ್ಕರಿಂದ ಆರು ಪಾಲಿನಷ್ಟು ಕಡಿಮೆಯಾಗುವದು. ವರ್ಷ ವರ್ಷವೂ ಏಕೆ? ಈ ವೈರಾಣುವು ವೇಷಗಾರನು. ಮೇಳದ ಪಾತ್ರಧಾರಿಯಂತೆ ಬಣ್ಣವನ್ನು ಬದಲಿಸುತ್ತಲೇ ಇರುವದು. ಅದಕ್ಕಾಗಿ ಜಗತ್ತಿನ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಸಲ ಕೂಡಿ, ಮುಂದಿನ ಲಸಿಕೆಯಲ್ಲಿ ಯಾವ ಬಣ್ಣದವರನ್ನು ಸೇರಿಸಬೇಕೆಂದು ಸೂಚಿಸುವದು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬಲಿಯಲು ಸುಮಾರು ಎರಡು ವಾರಗಳು ಬೇಕು. ಆದುದರಿಂದ ಮಳೆ ಹಿಡಿಯುವ ಮುಂಚೆಯೇ ಹಾಕಿಸಿಕೊಳ್ಳಬೇಕು; ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ.

ಎಲ್ಲವನ್ನೂ ಕೇಳಿ ಅಜ್ಜಿ, “ಸಣ್ಣ ಜ್ವರ ಅಂತ ಅನಬ್ಯಾಡ್ರಿ. ಹದಿನೆಂಟರ ಬ್ಯಾನ್ಯಾಗ ನಮ್ಮತ್ತಿಯ ತವರಮನಿಯೊಳಗ ದೀಪಾ ಹಚ್ಚಾವರು ಉಳೀಲಿಲ್ಲಂತ” ಎಂದಳು. ಅದು 1918ರ ಇನ್‌ಫ್ಲುಯೆಂಜಾ. ಆ ವರ್ಷದ ಬೇಸಿಗೆಯ ಕೊನೆಗೆ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡು, ಸಪ್ಟೆಂಬರದ ನಂತರ ಘೋರರೂಪದಿಂದ ರೈಲಿನ ದಾರಿ ಹಿಡಿದು ಹಳ್ಳಿ ಹಳ್ಳಿಗೆ ಹಬ್ಬಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಹಿಂದುಸ್ಥಾನದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಇರಬಹುದೆಂಬ ಅಂದಾಜುಗಳುಂಟು. 1911ರಿಂದ 1921ರ ವರೆಗಿನ ದಶಕದಲ್ಲಿ ಈ ದೇಶದ ಜನಸಂಖ್ಯೆ ಬೆಳೆಯುವ ಬದಲು ತುಸು ಇಳಿಯಿತು. ಆಗ ವೈರಾಣುವನ್ನು ಕಂಡವರೇ ಇರಲಿಲ್ಲ. ಮನುಷ್ಯನ ಫ್ಲೂ ವೈರಾಣು ಲಂಡನ್ನಿನಲ್ಲಿ ಬೇರ್ಪಟ್ಟುದು 1933ರಲ್ಲಿ. ಅವರಿಗೆ ಮದ್ದು ಇರಲಿಲ್ಲ. ನಮಗೆ ಇದೆ, ಮುಟ್ಟುವದು ಮಾತ್ರ ಕಷ್ಟ.

ಎಷ್ಟು ಕಷ್ಟವೆಂದರೆ, ಊರು ಒಪ್ಪಿದ ಮೇಲೆ ಸೂಜಿಯೇ ಸಿಕ್ಕಲಿಲ್ಲ! ಪೋಲಿಯೋ, ದಡಾರಗಳ ಲಸಿಕೆಗಳಂತೆ ಇದು ಸರಕಾರದ ಪುಕ್ಕಟೆ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇರಲಿಲ್ಲ. ಜಿಲ್ಲೆಯ ಊರಿನ ಔಷಧದ ಅಂಗಡಿಯಲ್ಲಿ ಒಂದಕ್ಕೆ ಒಂದೂವರೆ ಸಾವಿರ ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಐದು ದಿನ ಮಣ್ಣು ಹೊತ್ತರೂ ಒಂದು ಸೂಜಿಗೆ ಸಾಲದು. ಊರಲ್ಲಿ ಪಟ್ಟಿ ಎತ್ತಿದೆವು. ಹತ್ತು ಸೂಜಿಗಳಾಗುವಷ್ಟು ಹಣ ಕೂಡಿತು. ಎರಡರಿಂದ ಎಂಟು ಡಿಗ್ರಿಯೊಳಗೆ ತಂಪಾಗಿರಬೇಕಾದ ಆ ಮದ್ದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂದೆವು. ನಮ್ಮದು ಹನ್ನೊಂದನೆಯದು, ಅದರ ಹಣವನ್ನು ನಾವೇ ಕೊಟ್ಟಿದ್ದೆವು. ಕಟ್ಟೆಯ ಮೇಲೆ ಎಲ್ಲರೆದುರಿಗೆ ಅಂಗಿಯ ತೋಳು ಮಡಿಸಿ ಮೊದಲು ಕುಳಿತವರು ನಾವು, ಎರಡನೆಯವಳು ಆಶಾ ಕಾರ್ಯಕರ್ತೆ, ಮೂರನೆಯವಳು ಅಜ್ಜಿ.

ಆದರೆ ವೈದ್ಯರು ಅವಶ್ಯವೆಂದು ಗುರುತಿಸಿದ್ದವರು ಹದಿನಾಲ್ಕು ಜನ. ನಾಲ್ವರಿಗೆ ಇಲ್ಲವೆಂದು ಹೇಳಬೇಕಾಯಿತು, ಹೇಳಿದವರೂ ನಾವೇ. ಆ ನಾಲ್ವರಲ್ಲಿ ದಮ್ಮಿನ ಒಬ್ಬ ರೈತನಿದ್ದನು. ಆಗಸ್ಟದಲ್ಲಿ, ಹೆಸರು ಕೀಳುವ ಹೊತ್ತಿಗೆ, ಅವನಿಗೆ ಜ್ವರ ಬಂದಿತು. ಗಾಡಿ ಬಂದು ಒಯ್ದಿತು. ಮನೆಯವರೂ ಹೊರಗೆ ಬರುವಂತಿರಲಿಲ್ಲ. ಪರೀಕ್ಷೆಯಲ್ಲಿ ಕೊರೋನಾ ಅಲ್ಲವೆಂದಾಯಿತು. ಅವನು ಬದುಕಿ ಬಂದನು. ಬರುವಷ್ಟರಲ್ಲಿ ಮಳೆ ಹಿಡಿದು ಹೊಲದ ಹೆಸರು ಬುಡ್ಡಿಯಲ್ಲೇ ಮೊಳೆತಿತ್ತು. ಅದು ಫ್ಲೂ ಜ್ವರವೇ ಎಂದು ನಾವು ಸಾಧಿಸಲಾರೆವು. ಸೂಜಿ ಹಾಕಿದ್ದರೆ ತಪ್ಪುತ್ತಿತ್ತೆಂದೂ ಹೇಳಲಾರೆವು. ಆದರೂ ಗಟ್ಟಿಮುಟ್ಟಾದ ಈ ವಕೀಲನ ತೋಳಿಗೆ ಹೋದ ಹನ್ನೊಂದನೆಯ ಸೂಜಿ ಅವನದಾಗಬೇಕಿತ್ತೋ ಎಂಬ ಪ್ರಶ್ನೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ನಾವು ಮೊದಲು ಕೂಡದಿದ್ದರೆ ಉಳಿದ ಹತ್ತು ಜನರು ಕೂಡುತ್ತಿರಲಿಲ್ಲವೆಂದು ಒಂದು ಮನಸ್ಸು ಸಮರ್ಥಿಸುವದು. ಇನ್ನೊಂದು ಮನಸ್ಸು ಸುಮ್ಮನೆ ಕುಳಿತುಕೊಳ್ಳುವದು.

ಮರುವರ್ಷ, ಅಂದರೆ 2021ರಲ್ಲಿ, ಕೊರೋನಾದ ಲಸಿಕೆ ಪುಕ್ಕಟೆಯಾಗಿ ನಮ್ಮೂರಿಗೂ ಬಂದಿತು. ಡಂಗುರವಿಲ್ಲದೆ, ಪೋಲೀಸರಿಲ್ಲದೆ ಶಾಲೆಯ ಅಂಗಳದಲ್ಲಿ ಸಾಲು ನಿಂತಿತು. ಅಜ್ಜಿ ಬಡಿಗೆ ಊರಿಕೊಂಡು ಸಾಲಿನ ಮುಂದೆಯೇ ಇದ್ದಳು. ಆ ವರ್ಷದ ಅಕ್ಟೋಬರ 21ಕ್ಕೆ ದೇಶದಲ್ಲಿ ನೂರು ಕೋಟಿ ಸೂಜಿಗಳು ಪೂರ್ತಿಯಾದವು. ಇಷ್ಟು ದೊಡ್ಡ ಕೆಲಸವನ್ನು ಮಾಡಿ ತೋರಿಸಿದ ದೇಶಕ್ಕೆ, ಹಳ್ಳಿಯ ಬಸುರಿಯರಿಗೂ ದಮ್ಮಿನ ಮುದುಕರಿಗೂ ಮಳೆಗಾಲದ ಮುಂಚೆ ಒಂದು ಫ್ಲೂ ಸೂಜಿಯನ್ನು ಮುಟ್ಟಿಸುವದು ಅಸಾಧ್ಯವೆಂದರೆ ಯಾರು ನಂಬಬೇಕು? ಫ್ಲೂ ಹೋಗಿಬಿಟ್ಟಿಲ್ಲ. 2023ರ ಮಾರ್ಚಿಯಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂವಿನಿಂದ ನಮ್ಮ ಹಾಸನ ಜಿಲ್ಲೆಯಲ್ಲಿಯೇ ಒಂದು ಮರಣವಾದುದನ್ನು ಪತ್ರಿಕೆಗಳಲ್ಲಿ ಓದಿರುವಿರಿ.

ಉಪಾಧ್ಯಾಯ ಬಂಧುಗಳೇ, ತಮ್ಮಲ್ಲಿ ನಮ್ಮ ಬೇಡಿಕೆ ಮೂರು. ಪ್ರತಿವರ್ಷ ಏಪ್ರಿಲದಲ್ಲಿ ಆಶಾ ಕಾರ್ಯಕರ್ತೆಯೊಡನೆ ಕುಳಿತು, ನಿಮ್ಮ ಊರಲ್ಲಿ ಈ ಸೂಜಿ ಅವಶ್ಯವಿರುವವರು ಯಾರು ಯಾರೆಂದು ಯಾದಿ ಮಾಡಿರಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದನ್ನು ಪುಕ್ಕಟೆಯಾಗಿ ಒದಗಿಸಬೇಕೆಂದು ಸರಕಾರವನ್ನು ಕೇಳಿರಿ. ಒಂದು ಹಳ್ಳಿ ಕೇಳಿದರೆ ಅರ್ಜಿ, ನೂರು ಹಳ್ಳಿಗಳು ಕೇಳಿದರೆ ಹಕ್ಕು. ಮೂರನೆಯದು, ಯಾರಾದರೂ ‘ಏಕೆ’ ಎಂದು ಕೇಳಿದರೆ ಬೇಸರಪಡದೆ ಉತ್ತರ ಹೇಳಿರಿ, ಗೊತ್ತಿಲ್ಲದುದನ್ನು ವೈದ್ಯರಿಂದ ಕೇಳಿ ಬಂದು ಹೇಳಿರಿ.

1897ನೆಯ ವರ್ಷವು ನಮಗೆ ಒಂದು ಕಾಯಿದೆಯನ್ನೂ ಒಂದು ತೋಳನ್ನೂ ಬಿಟ್ಟುಹೋಗಿದೆ. ಹಳ್ಳಿಗೆ ಹೋಗುವಾಗ ಕಾಯಿದೆಯ ಪುಸ್ತಕವನ್ನು ಮನೆಯಲ್ಲಿಟ್ಟು ಹೋಗಿರಿ. ತೋಳನ್ನು ಮಾತ್ರ ಮರೆಯದೆ ಒಯ್ಯಿರಿ. ನಾವು ಬರೆದ ಆ ಒಕ್ಕಣೆಯ ಕಾಗದ ಇನ್ನೂ ನಮ್ಮ ಕಪಾಟಿನಲ್ಲಿದೆ. ವಕೀಲನೆಂಬ ಅಭಿಮಾನ ತಲೆಗೇರಿದಾಗ ಅದನ್ನು ತೆಗೆದು ಓದಿಕೊಳ್ಳುವೆವು.