ಕೆಟ್ಟು ನಿಂತ ಗಾಡಿಗೂ ನ್ಯಾಯ ಬೇಕು

(ನವಲಗುಂದದಲ್ಲಿ ನೆರೆದ ರೈತರು, ವಾಹನ ಚಾಲಕರ ಮುಂದೆ ಮಾಡಿದ ಭಾಷಣ)



ನಮ್ಮದು ಎರೆನೆಲ. ಮಳೆ ಬಿತ್ತೆಂದರೆ ರಸ್ತೆಯಂಚಿಗೆ ಸರಿದ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಹೆಸರಿನ ಸುಗ್ಗಿಯಲ್ಲಿ ನನ್ನ ಚೀಲ ಹೇರಿದ ಟ್ರ್ಯಾಕ್ಟರಿಗೂ ಹಾಗೇ ಆಯಿತು. ರಾತ್ರಿ ಕ್ರೇನಿನವನು ಬಂದ. ದರ ಕೇಳಿದರೆ, "ಮೊದಲ ಎತ್ತೂಣ್ರಿ, ಆಮ್ಯಾಲೆ ಮಾತಾಡೂಣು" ಎಂದ. ಎತ್ತಿದ ಮೇಲೆ ಅವನು ಹೇಳಿದ್ದೇ ದರ. ಹಣ ಎಣಿಸುವ ತನಕ ಕೊಕ್ಕೆ ಬಿಚ್ಚಲಿಲ್ಲ. ಕಾಳು ನೆನೆಯುತ್ತಿರುವಾಗ ಚೌಕಾಶಿ ಮಾಡುವ ಬಲ ಯಾರಿಗಿದೆ?

ಕಾಯದೆ ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯದೆಯ 127ನೆಯ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ 10 ತಾಸು ಕೇಳುವವರಿಲ್ಲದೆ ನಿಂತ, ಇಲ್ಲವೆ ನಿಷೇಧವಿದ್ದಲ್ಲಿ ನಿಲ್ಲಿಸಿದ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅಪ್ಪಣೆಯ ಮೇಲೆ ಎಳೆಸಬಹುದು. ಖರ್ಚೆಲ್ಲ ಮಾಲಿಕನದು. ಎಷ್ಟು ಖರ್ಚು? ಆ ಕಲಮಿನಲ್ಲಿ ಮಿತಿಯಿಲ್ಲ. ಬಸ್ಸು, ಟ್ಯಾಕ್ಸಿ, ಲಾರಿಗಳ ದರ ಗೊತ್ತುಪಡಿಸಲು 67ನೆಯ ಕಲಮು ರಾಜ್ಯ ಸರಕಾರಕ್ಕೆ ದಾರಿ ಕೊಟ್ಟಿದೆ. ಕೆಟ್ಟ ವಾಹನ ಎಳೆಯುವ ಗಾಡಿಗೋ 66ನೆಯ ಕಲಮಿನಲ್ಲಿ ಪರ್ಮಿಟ್ಟಿನ ವಿನಾಯಿತಿ! ಆ ವಿನಾಯಿತಿ ಸುಲಿಗೆಯ ರಹದಾರಿಯಾಗಬಾರದು.

ಬೆಂಗಳೂರಿನಲ್ಲಿ ಜನರ ಆಕ್ರೋಶ ಹೆಚ್ಚಿ 2022ರಲ್ಲಿ ಟೋಯಿಂಗ್ ನಿಲ್ಲಿಸಬೇಕಾಯಿತು. ನಮಗೆ ಅದು ಪರಿಹಾರವಲ್ಲ. ಕಲಘಟಗಿಯ ಹಾದಿಯಲ್ಲಿ ಅಡ್ಡಬಿದ್ದ ಲಾರಿಯನ್ನು ಯಾರಾದರೂ ತೆಗೆಯಲೇಬೇಕು. ಇಂಗ್ಲೆಂಡಿನಲ್ಲಿ ಪೊಲೀಸರು ತೆಗೆಸಿದ ವಾಹನಕ್ಕೆ ಎಷ್ಟು ವಸೂಲು ಮಾಡಬೇಕೆಂದು 2008ರ ನಿಯಮಾವಳಿ ವಾಹನದ ತೂಕ, ಬಿದ್ದ ಸ್ಥಿತಿ ನೋಡಿ ಪಟ್ಟಿ ಮಾಡಿದೆ. ಅಲ್ಲಿ ಆಗುವುದು ಇಲ್ಲೇಕೆ ಆಗದು?

ದರ ಕಟ್ಟಿದರೆ ಅಪರಾತ್ರಿಯಲ್ಲಿ ಹುಬ್ಬಳ್ಳಿಯಿಂದ ಕ್ರೇನು ಬಂದೀತೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಸರಿನಲ್ಲಿ ಮಲಗಿ ಸರಪಳಿ ಬಿಗಿಯುವ ಹುಡುಗ ನಮ್ಮ ವೈರಿಯಲ್ಲ, ನಮ್ಮಂತೆಯೇ ದುಡಿಯುವವನು. ಆದುದರಿಂದ ರಾತ್ರಿಗೆ ಬೇರೆ ದರವಿರಲಿ, ದೂರಕ್ಕೂ ತೂಕಕ್ಕೂ ತಕ್ಕ ದರವಿರಲಿ. ಆದರೆ ಅದು ಮೊದಲೇ ಗೊತ್ತಿರಲಿ.

ನಮ್ಮ ಬೇಡಿಕೆಗಳಿಷ್ಟು: ಸರಕಾರ ನಿಯಮ ಮಾಡಿ ಗರಿಷ್ಠ ದರ ಕಟ್ಟಲಿ. ನವಲಗುಂದ, ಅಣ್ಣಿಗೇರಿ ಪುರಸಭೆಗಳೂ ಕುಂದಗೋಳ, ಕಲಘಟಗಿ ಪಟ್ಟಣ ಪಂಚಾಯತಿಗಳೂ ಕ್ರೇನಿನವರಿಗೆ ಲೈಸನ್ಸು ಕೊಟ್ಟು ಯಾದಿ ಇಡಲಿ. ದರದ ಪಟ್ಟಿ ಕನ್ನಡದಲ್ಲಿ ಕ್ರೇನಿನ ಮೇಲೂ ಠಾಣೆಯ ಬಾಗಿಲಲ್ಲೂ ಇರಲಿ. ಪಾವತಿ ಕೊಡದವನ ಲೈಸನ್ಸು ರದ್ದಾಗಲಿ. ಹಣದ ತಕರಾರಿಗಾಗಿ ರೈತನ ಮಾಲು ಹಿಡಿಯಕೂಡದು.

1980ರ ಜುಲೈ 21ರಂದು ಈ ನವಲಗುಂದದ ರೈತರು ಮಲಪ್ರಭೆಯ ಅಭಿವೃದ್ಧಿ ಕರಕ್ಕೆ ಲೆಕ್ಕ ಕೇಳಿ ಗುಂಡು ಎದುರಿಸಿದರು. ಇಂದಿನ ಪ್ರಶ್ನೆ ಅದರ ಮುಂದೆ ಸಣ್ಣದು. ಆದರೂ ಲೆಕ್ಕ ಕೇಳುವ ಹಕ್ಕು ಅದೇ. ಮುಂದಿನ ಮಳೆಗೆ ಮೊದಲು ಸಹಿ ಕೂಡಿಸಿ ತಹಶೀಲದಾರರ ಕಚೇರಿಗೆ ಹೋಗೋಣ, ಬನ್ನಿ.