ಮೊಬೈಲ್ ಕಸಿಯುವ ಮೊದಲು ಮಗುವನ್ನು ಕೇಳಿರಿ

(ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಮಸೀದಿಗಳಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 

ಮದೀನಾದಲ್ಲಿ ಹ. ಅನಸ್(ರ)ರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದನು. ಅವನು ಆಟವಾಡುತ್ತಿದ್ದ ಸಣ್ಣ ಹಕ್ಕಿಯೊಂದು ಸತ್ತುಹೋಯಿತು. ಪ್ರವಾದಿ(ಸ)ರು ಆ ಮಗುವಿನ ಸಪ್ಪೆ ಮುಖ ನೋಡಿ, ಅವನ ಹಕ್ಕಿಗೆ ಏನಾಯಿತೆಂದು ಪ್ರೀತಿಯಿಂದ ವಿಚಾರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿ ಈ ಘಟನೆ ಇದೆ. ಇಡೀ ಸಮುದಾಯದ ಹೊಣೆ ಹೊತ್ತವರಿಗೆ ಒಂದು ಮಗುವಿನ ದುಃಖ ಸಣ್ಣದಾಗಿ ಕಾಣಲಿಲ್ಲ. ಅವರು ಮೊದಲು ಮಾಡಿದ್ದು ಕೇಳುವ ಕೆಲಸ.

ಸಹೋದರರೇ, ಈ ಕೆಲಸದಲ್ಲಿ ನಾನೇ ತಪ್ಪಿದ್ದೇನೆ. ಕಳೆದ ವರ್ಷ ಮಿಂಬರ್ ಮೇಲೆ ನಿಂತು, ಮಕ್ಕಳು ಹಾಳಾಗುವುದಕ್ಕೆಲ್ಲ ಮೊಬೈಲೇ ಕಾರಣ ಎಂದು ಗಟ್ಟಿಯಾಗಿ ಹೇಳಿದ್ದೆ. ಅದನ್ನು ಕೇಳಿ ಮನೆಗೆ ಹೋದ ಒಬ್ಬ ತಂದೆ, ಒಂಬತ್ತನೇ ತರಗತಿಯ ಮಗನ ಕೈಯಿಂದ ಫೋನ್ ಕಸಿದು ಕಲ್ಲಿಗೆ ಅಪ್ಪಳಿಸಿದರು. ಎರಡು ವಾರ ಕಳೆದು ಅವರೇ ನನ್ನ ಬಳಿ ಬಂದರು. ಹುಡುಗ ಊಟ ಬಿಟ್ಟಿದ್ದ, ಶಾಲೆಗೂ ಹೋಗುತ್ತಿರಲಿಲ್ಲ.

ಅಸ್ರ್ ನಮಾಝ್ ಆದ ಮೇಲೆ ಹುಡುಗನನ್ನು ಮಸೀದಿಯ ಜಗಲಿಯಲ್ಲಿ ಕೂರಿಸಿಕೊಂಡೆ. ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಅತ್ತ. ಅವನ ಫೋಟೊವನ್ನು ವಿಕಾರ ಮಾಡಿ ಸಹಪಾಠಿಗಳು ಒಂದು ಗ್ರೂಪಿನಲ್ಲಿ ಹಾಕಿ ನಗುತ್ತಿದ್ದರಂತೆ. ಯಾರು ಏನು ಬರೆದರು ಎಂದು ಅವನು ರಾತ್ರಿಯಿಡೀ ನೋಡುತ್ತಿದ್ದ. ಮನೆಯವರು ಗೇಮ್ ಆಡುತ್ತಿದ್ದಾನೆ ಎಂದುಕೊಂಡಿದ್ದರು. "ಅಬ್ಬಾಗೆ ಯಾಕೆ ಹೇಳಲಿಲ್ಲ ಬೇಟಾ?" ಎಂದೆ. "ಹಝ್ರತ್, ಅಬ್ಬಾ ಫೋನ್ ಎಲ್ಲಿ ಅಂತ ಕೇಳಿದ್ರು. ನಿನಗೆ ಏನಾಗಿದೆ ಅಂತ ಕೇಳಲೇ ಇಲ್ಲ" ಎಂದ.

ತಂದೆ ಮತ್ತು ಮಗನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಮೂರು ಊರುಗಳಲ್ಲಿ ಇದು ಯಾವ ಊರಿನದು ಎಂದು ಯಾರೂ ಹುಡುಕಬೇಡಿ.

ಬಂದ ಸುದ್ದಿಯನ್ನು ಪರಿಶೀಲಿಸದೆ ನಡೆದುಕೊಂಡರೆ ಅರಿವಿಲ್ಲದೆ ಯಾರಿಗಾದರೂ ಕೇಡು ಮಾಡೀರಿ ಎಂಬ ಎಚ್ಚರಿಕೆ ಸೂರಾ ಅಲ್ ಹುಜುರಾತ್‌ನಲ್ಲಿದೆ. ನಾನು ಪರಿಶೀಲಿಸಿರಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ತಜ್ಞರು ಏನು ಕಂಡುಕೊಂಡಿದ್ದಾರೆಂದು ಓದಲು ಕುಳಿತೆ.

ಗ್ರಾಮೀಣ ಭಾರತದ ಶಿಕ್ಷಣದ ಬಗ್ಗೆ 2024ರ ಅಸರ್ ಸಮೀಕ್ಷೆ ನಡೆಯಿತು. ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದ ಮಕ್ಕಳಲ್ಲಿ ಹಿಂದಿನ ವಾರ ಓದಿಗಾಗಿ ಅದನ್ನು ಬಳಸಿದವರು ಸುಮಾರು ಶೇ. 57, ಸೋಶಿಯಲ್ ಮೀಡಿಯಾಕ್ಕಾಗಿ ಬಳಸಿದವರು ಸುಮಾರು ಶೇ. 76. ಅಂದರೆ ಇದು ಬೆಂಗಳೂರಿನ ಮಕ್ಕಳ ವಿಷಯ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2022ರಲ್ಲಿ 44 ದೇಶ ಮತ್ತು ಪ್ರದೇಶಗಳ ಹದಿಹರೆಯದವರನ್ನು ವಿಚಾರಿಸಿತು. ಬಿಡಬೇಕೆಂದರೂ ಬಿಡಲಾಗದಂತೆ ಸೋಶಿಯಲ್ ಮೀಡಿಯಾಕ್ಕೆ ಅಂಟಿಕೊಂಡವರು 2018ರಲ್ಲಿ ಶೇ. 7 ಇದ್ದರೆ, ಆಗ ಶೇ. 11 ಆಗಿದ್ದರು. ಅವರಲ್ಲಿ ಹುಡುಗಿಯರೇ ಹೆಚ್ಚು.

ಆದರೆ ಮೊಬೈಲ್ ನೋಡಿದ್ದರಿಂದ ಮಗು ಖಿನ್ನತೆಗೆ ಜಾರಿತೋ, ಮೊದಲೇ ಮನಸ್ಸು ಕುಗ್ಗಿದ್ದರಿಂದ ಮೊಬೈಲಿನಲ್ಲಿ ಮುಳುಗಿತೋ? ಮಳೆಗಾಲದಲ್ಲಿ ಕೊಡೆಯೂ ಹೆಚ್ಚು, ಶೀತವೂ ಹೆಚ್ಚು. ಹಾಗೆಂದು ಕೊಡೆಯಿಂದ ಶೀತ ಬಂತು ಎನ್ನುತ್ತೇವೆಯೇ? ಇದನ್ನು ತಿಳಿಯಲು ಸಂಶೋಧಕರು ಒಂದೇ ಮಕ್ಕಳನ್ನು ಹಲವು ವರ್ಷ ಗಮನಿಸುತ್ತಾರೆ. ಕೆಲವರಿಗೆ ಕೆಲವು ವಾರ ಬಳಕೆ ಕಡಿಮೆ ಮಾಡಲು ಹೇಳಿ, ಉಳಿದವರೊಂದಿಗೆ ಹೋಲಿಸುತ್ತಾರೆ. ಅವರೆಲ್ಲರ ಮಾತು ಒಂದೇ ಇಲ್ಲ. ಹಾನಿ ದೊಡ್ಡದು ಎನ್ನುವವರಿದ್ದಾರೆ, ಸರಾಸರಿ ನೋಡಿದರೆ ಚಿಕ್ಕದು ಎನ್ನುವವರೂ ಇದ್ದಾರೆ. ಹೊಳೆಯ ಸರಾಸರಿ ಆಳ ಮೊಣಕಾಲುದ್ದ ಎಂದ ಮಾತ್ರಕ್ಕೆ ಈಜು ಬಾರದ ಮಗನನ್ನು ಮಡುವಿಗೆ ಬಿಡುತ್ತೇವೆಯೇ? ನಿದ್ದೆಗೆಟ್ಟ ಮಗು, ಗೇಲಿಗೆ ಗುರಿಯಾದ ಮಗು, ಮೊದಲೇ ನೊಂದಿರುವ ಮಗು ಮಡುವಿನ ಅಂಚಿನಲ್ಲಿದೆ.

2021ರಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಅದರ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ ಹೊರಗಿಟ್ಟರು. ತಮ್ಮ ಮೈಕಟ್ಟಿನ ಬಗ್ಗೆ ಮೊದಲೇ ಬೇಸರವಿದ್ದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಮ್ ಆ ಬೇಸರವನ್ನು ಹೆಚ್ಚಿಸಿತ್ತು ಎಂದು ಕಂಪನಿಯ ಸ್ವಂತ ಅಧ್ಯಯನವೇ ಹೇಳಿತ್ತು. ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದ ನೋವು ಇದು.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದು, ರಾತ್ರಿಯನ್ನು ಕಾಪಾಡಿರಿ. ಇಶಾ ನಂತರದ ಹರಟೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ಮಲಗುವಾಗ ಮನೆಯ ಎಲ್ಲ ಫೋನ್‌ಗಳೂ ಹಾಲ್‌ನಲ್ಲಿ ಒಂದೇ ಕಡೆ ಚಾರ್ಜಿಗಿರಲಿ. ಎಲ್ಲ ಎಂದರೆ ಅಬ್ಬಾನದ್ದೂ ಸೇರಿ. ತಂದೆ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನಿಗೆ ಬೇಡ ಎಂದರೆ ಅದು ಉಪದೇಶವಾಗದು.

ಎರಡನೆಯದು, ಭಯವನ್ನು ತೆಗೆಯಿರಿ. ಹೇಳಿದರೆ ಫೋನ್ ಹೋಗುತ್ತದೆ ಎಂಬ ಹೆದರಿಕೆಯಿಂದಲೇ ಮಕ್ಕಳು ಮುಚ್ಚಿಡುತ್ತಾರೆ. "ಏನೇ ಆದರೂ ಮೊದಲು ನನಗೆ ಹೇಳು, ನಾನು ಹೊಡೆಯುವುದಿಲ್ಲ" ಎಂದು ಇವತ್ತೇ ಮಾತು ಕೊಡಿ. ಮಗಳ ಫೋಟೊವನ್ನು ಯಾರಾದರೂ ದುರುಪಯೋಗ ಮಾಡಿದರೆ ಅವಳನ್ನೇ ಬೈಯಬೇಡಿ, ಶಾಲೆ ಬಿಡಿಸಬೇಡಿ. ಸಾಕ್ಷಿಯನ್ನು ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿ. ತಪ್ಪು ಮಾಡಿದವನು ಬೇರೆ, ಶಿಕ್ಷೆ ಅನುಭವಿಸುವವಳು ಬೇರೆ ಆಗಬಾರದು.

ಮೂರನೆಯದು, ಕಾಯಿಲೆಯನ್ನು ಕಾಯಿಲೆ ಎಂದು ಗುರುತಿಸಿರಿ. ಎರಡು ವಾರವಾದರೂ ಮಗುವಿಗೆ ನಿದ್ದೆ, ಊಟ, ಓದು, ಗೆಳೆಯರು ಯಾವುದೂ ಬೇಡವಾಗಿದ್ದರೆ ತಡಮಾಡಬೇಡಿ. ಸಾಯುವ ಮಾತನಾಡಿದರಂತೂ ಅದೇ ದಿನ ಹೊರಡಿ. ಇದು ಈಮಾನಿನ ಕೊರತೆಯಲ್ಲ. ಹ. ಯಾಕೂಬ್(ಅ)ರು ಮಗನಿಗಾಗಿ ಕೊರಗಿ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡಿದ್ದರು. ಅವರು ಪ್ರವಾದಿಯಾಗಿದ್ದರು.

ನೀವು ದಮ್ ಮಾಡಿಸಲು ನನ್ನ ಬಳಿ ಬರುತ್ತೀರಿ. ಬನ್ನಿ, ದುಆ ಮಾಡುತ್ತೇನೆ. ಆದರೆ ಔಷಧಿಯಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂದು ಕಲಿಸಿದವರೂ ಪ್ರವಾದಿ(ಸ)ರೇ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆ ಉಚಿತವಾಗಿ, ಹಗಲಿರುಳೂ, ಕನ್ನಡದಲ್ಲೇ ಸಿಗುತ್ತದೆ. ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ನಡೆಯುತ್ತಿದೆ.

ಆ ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಅವನ ಶಿಕ್ಷಕರು ಮಧ್ಯೆ ಬಂದು ಆ ಗ್ರೂಪನ್ನು ಮುಚ್ಚಿಸಿದರು. ಅವನಿಗೆ ವೈದ್ಯರ ಸಲಹೆಯೂ ಸಿಕ್ಕಿತು. ಇಶಾ ಮುಗಿಸಿ ತಂದೆ ಮಗ ಇಬ್ಬರೂ ಮಾತನಾಡುತ್ತಾ ಮನೆಗೆ ನಡೆದು ಹೋಗುವುದನ್ನು ನಾನು ದಿನವೂ ನೋಡುತ್ತೇನೆ.

ನಮಗೆ ಒಪ್ಪಿಸಲಾದ ಈ ಅಮಾನತ್ತಿನ ಬಗ್ಗೆ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು. ಅದಕ್ಕೂ ಮೊದಲು ಇವತ್ತು ರಾತ್ರಿ ನಾವು ನಮ್ಮ ಮಕ್ಕಳನ್ನು ಕೇಳೋಣ, ಉತ್ತರ ಬರುವವರೆಗೆ ಕಾಯೋಣ. ಅಲ್ಲಾಹನು ನಮ್ಮ ಮಕ್ಕಳ ಮನಸ್ಸಿಗೆ ನೆಮ್ಮದಿಯನ್ನೂ, ನಮಗೆ ಆಲಿಸುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.