ಮೊಂಡಾದ ಡ್ರಿಲ್ ಬಿಟ್‌ಗೆ ಮೆಷಿನ್ ಸಾಣೆ

ಕಬ್ಬಿಣಕ್ಕೆ ತೂತು ಹಾಕುವಾಗ ಡ್ರಿಲ್ ಕಿರುಚುತ್ತೆ, ಸುರುಳಿ ಬರೋ ಬದಲು ಪುಡಿ ಉದುರುತ್ತೆ, ಹೊಗೆ ಏಳುತ್ತೆ. ಅಂದ್ರೆ ಬಿಟ್ ಮೊಂಡಾಗಿದೆ. ದಯವಿಟ್ಟು ಇನ್ನಷ್ಟು ಒತ್ತಬೇಡಿ. ಅದರಲ್ಲೂ ಸ್ಟೇನ್‌ಲೆಸ್ ಸ್ಟೀಲ್ ಆದ್ರೆ, ಮೊಂಡು ಬಿಟ್ ಉಜ್ಜಿದಷ್ಟೂ ಆ ಜಾಗ ಗಟ್ಟಿಯಾಗುತ್ತೆ. ಆಮೇಲೆ ಹೊಸ ಬಿಟ್‌ಗೂ ಅದು ಸುಲಭಕ್ಕೆ ಬಗ್ಗಲ್ಲ.

ಬೆಂಚ್ ಗ್ರೈಂಡರ್ ಮುಂದೆ ನಿಂತು ಬರಿಗೈಯಲ್ಲೇ ಸಾಣೆ ಹಿಡಿಯೋ ಫಿಟ್ಟರ್‌ಗಳ ಬಗ್ಗೆ ನನಗೆ ತುಂಬಾ ಗೌರವ. ಆ ಕೈ ಪಳಗೋಕೆ ವರ್ಷಗಳು ಬೇಕು. ಅಷ್ಟು ಪಳಗದವರಿಗೆ ಇರೋದೇ ಕರೆಂಟಿನ ಶಾರ್ಪನರ್. ಡ್ರಿಲ್ ಡಾಕ್ಟರ್ ಥರದ ಮೆಷಿನ್ ಒಳಗೆ ವಜ್ರದ ಪುಡಿ ಲೇಪಿಸಿದ ಚಕ್ರ ಇರುತ್ತೆ, ಬಿಟ್ ಹಿಡಿಯೋಕೆ ಒಂದು ಚಕ್ ಬರುತ್ತೆ. ಮಾಡೆಲ್ ಮೇಲೆ ಹೋಗುತ್ತೆ, ಸುಮಾರು 2.5 ಮಿ.ಮೀ.ನಿಂದ 13 ಅಥವಾ 19 ಮಿ.ಮೀ.ವರೆಗೆ ಹಿಡಿಯುತ್ತೆ.

ಈಗ ಬಿಟ್‌ನ ತುದಿ ನೋಡಿ. ಎರಡು ಅಲಗು ಇದೆ. ಸಾಮಾನ್ಯ ಕೆಲಸಕ್ಕೆ ತುದಿಯ ಕೋನ 118 ಡಿಗ್ರಿ, ಸ್ಟೇನ್‌ಲೆಸ್ ಮತ್ತು ಗಟ್ಟಿ ಉಕ್ಕಿಗೆ 135. ಇದನ್ನ ಎಲ್ಲರೂ ಹೇಳ್ತಾರೆ. ಆದ್ರೆ ಅಲಗಿನ ಹಿಂದೆ ಒಂದು ಇಳಿಜಾರು ಇರಬೇಕು, ಸುಮಾರು 8ರಿಂದ 15 ಡಿಗ್ರಿ. ಬಿಟ್ ಸಣ್ಣದಾದಷ್ಟೂ ಈ ಇಳಿಜಾರು ಸ್ವಲ್ಪ ಜಾಸ್ತಿ ಬೇಕು. ಅದಿಲ್ಲದಿದ್ರೆ ಅಲಗಿಗಿಂತ ಮೊದಲು ಅದರ ಬೆನ್ನೇ ಲೋಹಕ್ಕೆ ತಗಲುತ್ತೆ. ತುದಿ ಎಷ್ಟೇ ಫಳಫಳ ಹೊಳೀಲಿ, ಕೊರೆಯಲ್ಲ, ಬರೀ ಉಜ್ಜುತ್ತೆ.

ಮೆಷಿನ್ ಈ ಇಳಿಜಾರನ್ನ ತಾನೇ ಕೊಡುತ್ತೆ, ಆದ್ರೆ ಬಿಟ್ ಸರಿಯಾಗಿ ಕೂತಿದ್ರೆ ಮಾತ್ರ. ಎಡವಟ್ಟು ಆಗೋದೆಲ್ಲ ಇಲ್ಲೇ. ಚಕ್‌ಗೆ ಬಿಟ್ ಹಾಕಿ, ಅಳತೆಯ ಕಿಂಡಿಗೆ ತೂರಿಸಿದಾಗ ಒಳಗಿನ ಎರಡು ಹಿಡಿಗಳು ಬಿಟ್‌ನ ಕಾಲುವೆಗಳ ನಡುವಿನ ತೆಳು ಜಾಗವನ್ನೇ ಹಿಡಿಯಬೇಕು. ಸ್ವಲ್ಪ ತಿರುಗಿಸಿ, ಸಿಕ್ಕಿತು ಅನ್ನಿಸಿದ ಮೇಲೆ ಚಕ್ ಬಿಗಿ ಮಾಡಿ. ಅವಸರ ಬೇಡ. ಆಮೇಲೆ ಸಾಣೆ ಕಿಂಡಿಗೆ ಹಾಕಿ, ಹಗುರವಾಗಿ ಒತ್ತಿ ತಿರುಗಿಸಿ. ಎರಡೂ ಬದಿಗೆ ಅಷ್ಟಷ್ಟೇ ಸುತ್ತು. 4 ಮಿ.ಮೀ. ಬಿಟ್‌ಗೆ ಕೆಲವೇ ಸುತ್ತು ಸಾಕು, 12ರದ್ದಕ್ಕೆ ತಾಳ್ಮೆ ಬೇಕು. 3ಕ್ಕಿಂತ ಸಣ್ಣದಕ್ಕೆ ಈ ಶ್ರಮ ಬೇಡ, ಹೊಸದು ತಗೊಳ್ಳಿ ಅಂತೀನಿ ನಾನು. ಕಣ್ಣಿಗೆ ಕನ್ನಡಕ ಮಾತ್ರ ಮರೀಬೇಡಿ.

ಸಾಣೆ ಆಯ್ತು. ಈಗ ತುದಿಯನ್ನ ಬೆಳಕಿಗೆ ಹಿಡೀರಿ. ಎರಡೂ ಅಲಗು ಒಂದೇ ಉದ್ದ ಇದೆಯಾ? ಒಂದು ಉದ್ದವಾದ್ರೆ ತೂತು ಬಿಟ್‌ಗಿಂತ ದೊಡ್ಡದಾಗುತ್ತೆ. ನಟ್ಟ ನಡುವಿನ ಗೆರೆ ಅಲಗುಗಳಿಗೆ ಓರೆಯಾಗಿದೆಯಾ? ನೇರ ಅಡ್ಡ ನಿಂತಿದ್ರೆ ಇಳಿಜಾರು ಸಾಲದು, ಬಿಟ್‌ನ ಮತ್ತೆ ಕೂರಿಸಿ. ಕೊನೆಗೆ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ತುಂಡಿನ ಮೇಲೆ ಪರೀಕ್ಷೆ. ಎರಡೂ ಕಾಲುವೆಯಿಂದ ಸಮನಾಗಿ ಸುರುಳಿ ಬರಬೇಕು.

ದೊಡ್ಡ ಬಿಟ್ ಇರೋರಿಗೆ ಇನ್ನೊಂದು ವಿಷಯ. ಬಿಟ್‌ನ ಒಳತಿರುಳು ಬುಡದ ಕಡೆ ಹೋದಂತೆ ದಪ್ಪ ಆಗುತ್ತೆ. ಹಾಗಾಗಿ ಸಾಣೆ ಹಿಡಿದು ಹಿಡಿದು ಗಿಡ್ಡ ಆದಷ್ಟೂ ಆ ನಡುಗೆರೆ ಅಗಲವಾಗುತ್ತೆ. ಆ ಗೆರೆ ಲೋಹವನ್ನ ಕೊರೆಯೋದಕ್ಕಿಂತ ತಳ್ಳೋದೇ ಹೆಚ್ಚು. ಹರಿತ ಇದ್ರೂ ಭಾರ ಹಾಕಬೇಕು ಅನ್ನಿಸೋದು ಅದಕ್ಕೇ. ನಿಮ್ಮ ಮೆಷಿನ್‌ನಲ್ಲಿ ಆ ಗೆರೆಯನ್ನ ಚಿಕ್ಕದು ಮಾಡೋಕೆ ತುದಿ ಸೀಳೋ ಕಿಂಡಿ ಇದ್ರೆ, 10 ಮಿ.ಮೀ. ದಾಟಿದ ಬಿಟ್‌ಗೆ ಅದನ್ನ ತಪ್ಪದೇ ಬಳಸಿ. ಇಲ್ಲದಿದ್ರೆ ಮೊದಲು ಸಣ್ಣ ಬಿಟ್‌ನಲ್ಲಿ ತೂತು ಹಾಕಿ, ಆಮೇಲೆ ದೊಡ್ಡದನ್ನ ಇಳಿಸಿ.